ಎಂಟು ಗೇಣಿನ ಯಜಮಾನ

ಜನವರಿ 9

ಅಕ್ಕ,

ನಿನಗೆ ಕಾಗದ ಬರೆಯದೆ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಹೋಗಿ, ನಾಚಿಕೆಯಾಗಿ ಬಿಟ್ಟುಬಿಟ್ಟೆ. ಮುಖ ನೋಡಿ ಒಂಬತ್ತು ವರ್ಷ. ಜಗಳವಾಡಿ ದೂರವಾದವರಿಗಾದರೂ ರಾಜಿಯಾಗುವ ದಾರಿ ಇರುತ್ತದೆ. ನಾವು ಜಗಳವನ್ನೂ ಆಡಲಿಲ್ಲ. ಈಗಲೂ ಕೆಲಸ ಬಿತ್ತು ಎಂದೇ ಬರೆಯುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಫೋನು ಮಾಡಿದರೆ ನೀನು "ಹೂಂ, ಆಯ್ತು" ಎಂದು ಇಟ್ಟುಬಿಡುತ್ತೀಯ.

ನಮ್ಮ ಮ್ಯೂಸಿಯಂನಲ್ಲಿ ಗೊರಿಲ್ಲಾಗಳಿಗೇ ಒಂದು ಕೋಣೆ ಮಾಡುತ್ತಿದ್ದಾರೆ. ನಾಲ್ಕು ಬಗೆಯ ನಾಲ್ಕು ಗಂಡು, ಸಾಲಾಗಿ, ನಿಜವಾದ ಗಾತ್ರದಲ್ಲಿ. ಮಾದರಿ ಮಾಡುವವನು ನಾನೊಬ್ಬನೇ, ಜೂನ್ ಕೊನೆಗೆ ಮುಗಿಯಬೇಕು. ನಮ್ಮ ಜನಕ್ಕೆ ಗೊರಿಲ್ಲಾ ಅಂದರೆ ಗೊರಿಲ್ಲಾ, ಅಷ್ಟೇ. ಆದರೆ ಅದರಲ್ಲಿ ಪಶ್ಚಿಮದ್ದು, ಪೂರ್ವದ್ದು ಎಂದು ಎರಡು ಜಾತಿ. ಪಶ್ಚಿಮದ್ದರಲ್ಲಿ ತಗ್ಗುನಾಡಿನದು ಮತ್ತು ಕ್ರಾಸ್ ನದಿಯದು. ಪೂರ್ವದ್ದರಲ್ಲಿ ಬೆಟ್ಟದ್ದು ಮತ್ತು ತಗ್ಗುನಾಡಿನದು. ಎಲ್ಲಕ್ಕಿಂತ ದೊಡ್ಡದು ಪೂರ್ವದ ತಗ್ಗುನಾಡಿನದು. ಎದ್ದು ನಿಂತರೆ ಆರಡಿ ಮುಟ್ಟುವ ಗಂಡುಗಳಿವೆ, ತೂಕ ಇನ್ನೂರು ಕಿಲೋ. ಬೆಟ್ಟದ್ದು ಅದಕ್ಕಿಂತ ಕೊಂಚ ಕಡಿಮೆ, ಆದರೆ ಚಳಿಗೆ ಬೆಳೆದ ಉದ್ದ ಕೂದಲಿನಿಂದ ತಾನೇ ದೊಡ್ಡದು ಎಂಬ ಹಾಗೆ ಕಾಣುತ್ತದೆ. ಪಶ್ಚಿಮದ ಎರಡೂ ಚಿಕ್ಕವು, ಐದರಿಂದ ಐದೂವರೆ ಅಡಿ. ಮೃಗಾಲಯಗಳಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ಪಶ್ಚಿಮದ ತಗ್ಗುನಾಡಿನವು. ನೀನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿರುವುದೂ ಅದೇ.

ಮಿಕ್ಕ ಮೂರನ್ನು ಪುಸ್ತಕ ನೋಡಿ ಮಾಡಿಬಿಡುತ್ತೇನೆ. ಈ ಒಂದನ್ನಾದರೂ ಉಸಿರಾಡುವ ಪ್ರಾಣಿಯ ಅಳತೆಯಿಂದ ಮಾಡುವ ಆಸೆ. ಎತ್ತರ, ತೋಳು ಚಾಚಿದಾಗ ಬೆರಳ ತುದಿಯಿಂದ ತುದಿಗೆ ಎಷ್ಟು, ತೂಕ, ಇಷ್ಟು ಕಳಿಸು.

ಮನೆಯಲ್ಲಿ ಎಲ್ಲ ಕ್ಷೇಮ. ಇವಳೂ ನಿನ್ನನ್ನು ಕೇಳಿದ್ದಾಳೆ.

ನಿನ್ನ ತಮ್ಮ

ಜನವರಿ 20

ಪಂಡಿತ ತಮ್ಮನಿಗೆ,

ಕಾಗದ ಬಂತು. ಒಂಬತ್ತು ವರ್ಷದ ಕ್ಷೇಮಸಮಾಚಾರಕ್ಕೆ ಎರಡು ಸಾಲು, ಗೊರಿಲ್ಲಾಕ್ಕೆ ಒಂದು ಪುಟ. ಇರಲಿ, ನಾನೂ ಅಂಥವಳೇ.

ನಮ್ಮವನ ಹೆಸರು ದಾಖಲೆಯಲ್ಲಿ ಏನೋ ಇದೆ, ನಾನು ಕರೆಯುವುದು ಯಜಮಾನ. ಇಲ್ಲಿನವರು ಬೆಳಿಗ್ಗೆ ಬಂದ ತಕ್ಷಣ, "ಏನಮ್ಮಾ, ನಿಮ್ಮ ಯಜಮಾನ್ರು ತಿಂಡಿ ತಿಂದ್ರಾ?" ಎಂದು ರೇಗಿಸುತ್ತಾರೆ. ತಿಂದರು ಎನ್ನುತ್ತೇನೆ. ಮದುವೆಯಾದವರ ಗಂಡಂದಿರಿಗಿಂತ ಇವನು ಹೇಳಿದ ಮಾತು ಕೇಳುತ್ತಾನೆ. ಅವನ ಜೊತೆಗಾತಿ ಹೋಗಿ ಎರಡು ವರ್ಷವಾಯಿತು. ಈಗ ಅಷ್ಟು ದೊಡ್ಡ ಜಾಗದಲ್ಲಿ ಅವನೊಬ್ಬನೇ. ನಲವತ್ಮೂರು ವಯಸ್ಸು, ಅವರಲ್ಲಿ ಅದು ಮುದುಕರ ಲೆಕ್ಕ.

ಟೇಪು ಕಂಡರೆ ಅವನಿಗಾಗುವುದಿಲ್ಲ. ಹಿಂದೊಮ್ಮೆ ಟೇಪಿನ ಹಿಂದೆಯೇ ಸೂಜಿ ಬಂದಿತ್ತು, ಅಂದಿನಿಂದ ಅದರ ಸದ್ದಿಗೇ ಬೆನ್ನು ತಿರುಗಿಸಿ ಕೂರುತ್ತಾನೆ. ಹಾಗಾಗಿ ನಾನು ಗೇಣಿನಲ್ಲೇ ಅಳೆಯುವುದು. ಅವನಿಗೂ ನಾವು ಕೆಲಸದವರು ಓಡಾಡುವ ಓಣಿಗೂ ನಡುವೆ ದಪ್ಪ ಕಂಬಿಯ ಜಾಲರಿ ಇದೆ. ನಾನು ಈ ಕಡೆಯಿಂದ ಗೇಣು ಹಾಕುತ್ತಾ ಹೋದರೆ ಅವನ ಕೈ ಆ ಕಡೆಯಿಂದ ನನ್ನ ಕೈಯ ಹಿಂದೆಯೇ ಬರುತ್ತದೆ, ಇನ್ನೊಂದು ಕೈ ಇಟ್ಟಲ್ಲೇ ಇರುತ್ತದೆ. ಮೇಲಕ್ಕೆ ಹಾಕಿದರೆ ಎದ್ದು ನಿಲ್ಲುತ್ತಾನೆ. ನಾನು ಸ್ಟೂಲು ಹತ್ತುತ್ತೇನೆ. ಬೇರೆ ಯಾರ ಕೈಗೂ ಅವನು ಹೀಗೆ ಆಡುವುದಿಲ್ಲ. ನನ್ನ ಗೇಣು ಎಂಟು ಇಂಚು. ನಿನಗೂ ಗೊತ್ತು, ನಿನ್ನ ಅಂಗಿಗಳೆಲ್ಲ ಅದರಲ್ಲೇ ಅಳೆದು ಹೊಲಿದದ್ದು.

ಮೂರು ವರ್ಷದ ಹಿಂದೆ ಬರೆದಿಟ್ಟದ್ದು: ಎತ್ತರ ಎಂಟು ಗೇಣು, ತೋಳು ಹನ್ನೆರಡು. ತೂಕಕ್ಕೆ ಹಲಗೆ ಇದೆ, ಈ ವಾರ ನೂರ ಅರವತ್ತೇಳು ಕಿಲೋ.

ಹೊಸ ಸೂಪರಿಂಟೆಂಡೆಂಟ್ ಬಂದಿದ್ದಾರೆ, ಕಟ್ಟುನಿಟ್ಟು. ದೊಡ್ಡ ಪ್ರಾಣಿಗಳ ಬಾಗಿಲಿಗೆ ಎರಡು ಅಗುಳಿ, ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೇ ಎಳೆಯಬೇಕು. ಅದು ಆಗದವರನ್ನು ಟಿಕೆಟ್ ಕೌಂಟರಿಗೆ ಹಾಕುತ್ತಾರಂತೆ. ನನಗೆ ನಿವೃತ್ತಿಗೆ ಇನ್ನು ಮೂರು ವರ್ಷ. ಆ ಮೂರು ವರ್ಷ ಯಜಮಾನನ ಹತ್ತಿರ ಇರಲು ಬಿಟ್ಟರೆ ಸಾಕು, ನನಗೆ ಬೇರೇನೂ ಬೇಡ.

ಅಕ್ಕ

ಫೆಬ್ರವರಿ 6

ಅಕ್ಕ,

ಎಂಟು ಗೇಣು ಅಂದರೆ ಅರವತ್ನಾಲ್ಕು ಇಂಚು, ಐದಡಿ ನಾಲ್ಕು. ತೋಳು ಎಂಟಡಿ. ಪಶ್ಚಿಮದ ತಗ್ಗುನಾಡಿನ ಗಂಡಿಗೆ ಹೇಳಿ ಮಾಡಿಸಿದ ಅಳತೆ. ಒಳಗಿನ ಕಬ್ಬಿಣದ ಕಟ್ಟು ಅದರಂತೆಯೇ ಬೆಸೆಯುತ್ತಿದ್ದೇನೆ.

ನನ್ನ ಕಾರ್ಖಾನೆಯನ್ನು ನೀನು ನೋಡಬೇಕು. ಪೂರ್ವದವನು ಎದ್ದು ನಿಂತು ಚಾವಣಿಯಿಂದ ಇಳಿಬಿಟ್ಟ ದೀಪಕ್ಕೆ ತಲೆ ತಾಗಿಸುತ್ತಿದ್ದಾನೆ. ಬೆಟ್ಟದವನಿಗೆ ಕೂದಲು ನೆಡುತ್ತಾ ಹದಿನೈದು ದಿನವಾಯಿತು. ಒಂದೊಂದೇ ಎಳೆ, ಬೆನ್ನಿಗೆ ಬೆಳ್ಳಿ ಬಣ್ಣದ್ದು. ಕ್ರಾಸ್ ನದಿಯವನ ತಲೆಬುರುಡೆ ಚಿಕ್ಕದು, ಕೈಕಾಲಿನ ಮೂಳೆಯೂ ಮೋಟು. ಕಾಡಿನಲ್ಲಿ ಅವರು ಉಳಿದಿರುವುದೇ ಮುನ್ನೂರರಷ್ಟು ಅಂತೆ. ಮಧ್ಯಾಹ್ನದ ಊಟಕ್ಕೆ ಇವರ ನಡುವೆಯೇ ಕೂರುತ್ತೇನೆ. ಮೂವರೂ ಮಾತಾಡುವುದಿಲ್ಲ, ನನ್ನ ಅಡುಗೆಯನ್ನು ಬೈಯುವುದೂ ಇಲ್ಲ.

ಮೂರು ವರ್ಷದ ಹಿಂದಿನ ಅಳತೆ ಬೇಡ, ಇನ್ನೊಮ್ಮೆ ಹೊಸದಾಗಿ ಅಳೆದು ಕಳಿಸು. ಫಲಕದಲ್ಲಿ ಈ ವರ್ಷದ ಅಳತೆ ಎಂದು ಬರೆಯಬೇಕು. ಅಗುಳಿಗೆಲ್ಲ ನೀನು ಹೆದರುವವಳಲ್ಲ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ತಮ್ಮ

ಫೆಬ್ರವರಿ 19

ಪಂಡಿತರೇ,

ಕುಳಿತುಕೊಂಡು ಓದಿ. ಎತ್ತರ ಒಂಬತ್ತು ಗೇಣು, ಮೇಲೆ ಒಂದು ಹೆಬ್ಬೆರಳು! ತೋಳು ಹದಿಮೂರೂಮುಕ್ಕಾಲು! ಎರಡು ಸಲ ಅಳೆದೆ. ತೂಕ ಮಾತ್ರ ಮೊದಲಿನದೇ. ಮುದುಕ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಿದ್ದಾನೆ, ಮ್ಯೂಸಿಯಂಗೆ ಹೋಗುತ್ತೇನೆಂದು ಯಾರೋ ಹೇಳಿರಬೇಕು. ಜೊತೆಗಾತಿ ಇದ್ದಾಗ ಅವಳಿಗೆ ಜಾಗ ಬಿಟ್ಟುಕೊಟ್ಟು ಮುದುರಿಕೊಂಡಿರುತ್ತಿದ್ದ. ಆಗ ನಾನೇ ಸರಿಯಾಗಿ ಅಳೆದಿರಲಿಲ್ಲವೋ ಏನೋ.

ನನಗಂತೂ ಖುಷಿಯಾಗಿ ಮನೆಗೆ ಹೋಗಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಯಾರೂ ಇರಲಿಲ್ಲ, ಅದಕ್ಕೇ ಇಂದೇ ನಿನಗೆ ಬರೆಯುತ್ತಿದ್ದೇನೆ.

ಅಕ್ಕ

ಮಾರ್ಚ್ 1

ಅಕ್ಕ,

ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಸಿಟ್ಟು ಬಂತು.

ಒಂಬತ್ತು ಗೇಣು ಮೇಲೊಂದು ಹೆಬ್ಬೆರಳು ಅಂದರೆ ಆರಡಿ ಒಂದು ಇಂಚು. ತೋಳು ಒಂಬತ್ತಡಿ ಎರಡು ಇಂಚು. ನಿನ್ನ ಯಜಮಾನ ಮೂರೇ ವರ್ಷದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋಗಿ, ಅಲ್ಲಿನ ದೊಡ್ಡವರನ್ನೂ ಹಿಂದೆ ಹಾಕಿದ್ದಾನೆ! ಒಂಬತ್ತಡಿ ದಾಟಿದ ತೋಳು ನನ್ನ ಹತ್ತಿರವಿರುವ ಒಂದು ಪುಸ್ತಕದಲ್ಲೂ ಇಲ್ಲ. ತೂಕ ಮಾತ್ರ ಅದೇ ನೂರ ಅರವತ್ತೇಳು. ನಲವತ್ಮೂರರ ಮುದುಕ ಬೆಳೆಯುತ್ತಾನೆಯೇ?

ನೀನು ಚಿಕ್ಕಂದಿನಿಂದಲೂ ಊದಿ ಹೇಳುವವಳು. ಇಲಿ ಕಂಡರೆ ಬೆಕ್ಕಿನಷ್ಟಿತ್ತು ಎನ್ನುತ್ತಿದ್ದೆ. ಆಗ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಆದರೆ ಇದು ಮ್ಯೂಸಿಯಂ, ಸಾವಿರಾರು ಮಕ್ಕಳು ಓದುವ ಫಲಕ. ನಾಲ್ಕು ಗೊರಿಲ್ಲಾಗಳನ್ನು ಪಕ್ಕಪಕ್ಕ ನಿಲ್ಲಿಸುವುದೇ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತೋರಿಸುವುದಕ್ಕೆ. ಅದರಲ್ಲೇ ಒಂದು ಸುಳ್ಳಾದರೆ ಉಳಿದ ಮೂರಕ್ಕೆ ಬೆಲೆ ಏನು?

ನನಗೆ ಅರ್ಥವಾಗುತ್ತದೆ. ನಿನಗೆ ಅವನು ದೊಡ್ಡವನಾಗಿ ಕಾಣಬೇಕು, ಅವನನ್ನು ಬಿಟ್ಟರೆ ನಿನಗೆ ಬೇರೆ ಯಾರೂ ಇಲ್ಲವಲ್ಲ. ಆದರೂ ಅಳತೆ ಅಳತೆಯೇ. ಸರಿಯಾದ್ದನ್ನು ಕಳಿಸು.

ತಮ್ಮ

ಮಾರ್ಚ್ 9

ತಮ್ಮಾ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಊಟದ ಹೊತ್ತು, ಓಣಿಯಲ್ಲಿ ಕುಳಿತಿದ್ದೇನೆ. ಯಜಮಾನ ಆ ಕಡೆ ಕುಳಿತು ಎಲೆಕೋಸು ಬಿಡಿಸುತ್ತಿದ್ದಾನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಕಾಗದ ಓದಿ ಕೋಪದಿಂದ ಜಾಲರಿಯ ಕಣ್ಣು ಎಣಿಸಿದೆ. ಒಂದೊಂದು ಕಣ್ಣು ಎರಡು ಇಂಚು. ಅವನು ನಿಂತಾಗ ಮೂವತ್ತೆರಡು ಕಣ್ಣು. ಅರವತ್ನಾಲ್ಕೇ ಇಂಚು, ಮೊದಲಿದ್ದಷ್ಟೇ. ಹಾಗಾದರೆ ಒಂಬತ್ತು ಗೇಣು ಎಲ್ಲಿಂದ ಬಂತು? ಕಂಬಿಯ ಮೇಲೆ ಬಲಗೈ ಅಗಲಿಸಿ ಇಟ್ಟು ನೋಡಿದೆ. ಏಳು ಇಂಚಿಗೇ ನಿಂತಿತು. ಇನ್ನೂ ಅಗಲಿಸಲು ಹೋದೆ, ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಬೆಂಕಿ ಹತ್ತಿದ ಹಾಗಾಯಿತು. ಅವನು ಬೆಳೆದಿಲ್ಲ ಕಣೋ, ನನ್ನ ಕೈ ಮುದುರಿದೆ.

ನೋವು ವರ್ಷದಿಂದ ಇತ್ತು. ಬಕೆಟ್ಟು ಹೊತ್ತವರಿಗೆಲ್ಲ ಇರುತ್ತದೆ ಎಂದುಕೊಂಡಿದ್ದೆ. ಬಲಗಡೆಯ ಅಗುಳಿಯನ್ನು ಈಗ ಮೊಣಕೈ ಕೊಟ್ಟು ಎಳೆಯುತ್ತೇನೆ, ಯಾರೂ ನೋಡದಿರುವಾಗ. ಇಲ್ಲಿನ ಪ್ರಾಣಿಗಳ ಡಾಕ್ಟರು ಒಳ್ಳೆಯವರು. ಆದರೆ ಗೊತ್ತಾದರೆ ಅವರು ಮೇಲಕ್ಕೆ ಹೇಳಲೇಬೇಕು. ಹೇಳಿದರೆ ನಾನು ಕೌಂಟರಿಗೆ. ಹಿಂದೆ ನನಗೆ ಜ್ವರ ಬಂದು ಒಂಬತ್ತು ದಿನ ಮಲಗಿದ್ದಾಗ ಇವನು ಬೇರೆಯವರ ಕೈಯಿಂದ ಒಂದು ತುತ್ತು ಮುಟ್ಟಲಿಲ್ಲ. ಆಗ ವಯಸ್ಸಿತ್ತು, ತಡೆದುಕೊಂಡ.

ಅವನನ್ನು ಬಿಟ್ಟರೆ ನನಗೆ ಯಾರೂ ಇಲ್ಲ ಅಂದೆಯಲ್ಲ. ಸರಿಯಾಗಿಯೇ ಅಂದೆ. ಆದರೆ ನೀನು ಅದನ್ನು ಹೇಳಬಾರದಿತ್ತು. ನೀನು ಇದ್ದೆಯಲ್ಲ.

ಮಾರ್ಚ್ 12

ತಮ್ಮನಿಗೆ,

ಹಳೆಯ ಅಳತೆಯನ್ನೇ ಬರೆದುಕೋ. ಎಂಟು, ಹನ್ನೆರಡು. ಎರಡನೆಯದು ನಾನು ಊದಿ ಹೇಳಿದ್ದು. ಬುದ್ಧಿ ಇಲ್ಲದೆ ಹಾಗೆ ಮಾಡಿದೆ, ಕ್ಷಮಿಸು.

ಅಕ್ಕ

ಮಾರ್ಚ್ 30

ಅಕ್ಕ,

ಒಪ್ಪಿಕೊಂಡೆಯಲ್ಲ, ದೊಡ್ಡ ಮನಸ್ಸು. ನನಗೂ ಹಗುರವಾಯಿತು. ಆದರೆ ನನ್ನ ಕಷ್ಟ ನೋಡು. ಎರಡನೆಯದು ಸುಳ್ಳು ಎಂದ ಮೇಲೆ ಮೊದಲನೆಯದು ನಿಜ ಎಂದು ಹೇಗೆ ನಂಬಲಿ? ನಮ್ಮ ನಿರ್ದೇಶಕರು ಬೇರೆಯವರ ಸಹಿ ಕೇಳುತ್ತಾರೆ.

ಅದಕ್ಕೇ ನಿಮ್ಮ ಮೃಗಾಲಯದ ಡಾಕ್ಟರಿಗೆ ನೇರವಾಗಿ ಬರೆದಿದ್ದೇನೆ. ನೀನು ಕೊಟ್ಟ ಎರಡೂ ಅಳತೆ, ನಿನ್ನ ಗೇಣಿನ ಲೆಕ್ಕ, ಎಲ್ಲ ಬರೆದು, ಯಾವುದು ಸರಿ ಎಂದು ತಾವೇ ನೋಡಿ ತಿಳಿಸಿ ಎಂದು ಕೇಳಿದ್ದೇನೆ. ನಿನ್ನ ಮೇಲೆ ಏನೂ ದೂರಿಲ್ಲ. ಅಕ್ಕ ಕೆಲಸದಲ್ಲಿ ಅಪ್ಪಟ ಚಿನ್ನ, ಅಂಕಿಯಲ್ಲಿ ಮಾತ್ರ ಸ್ವಲ್ಪ ಧಾರಾಳಿ ಎಂದು ತಮಾಷೆಯಾಗಿಯೇ ಬರೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ತಮ್ಮ

ಏಪ್ರಿಲ್ 22

ತಮ್ಮನಿಗೆ,

ಡಾಕ್ಟರು ನಿನ್ನ ಕಾಗದ ಹಿಡಿದುಕೊಂಡು ಓಣಿಗೆ ಬಂದರು. ಅವರೂ ಜಾಲರಿಯ ಕಣ್ಣು ಎಣಿಸಿದರು, ಮೂವತ್ತೆರಡು. ಎರಡನೆಯ ಅಳತೆಯನ್ನು ಇನ್ನೊಮ್ಮೆ ಓದಿದರು. ಕಾಗದ ಮಡಿಚಿ, "ಎಲ್ಲಿ ಅಮ್ಮಾ, ಬಲಗೈ ಅಗಲಿಸಿ ನೋಡೋಣ" ಅಂದರು.

ನಾನು ಊದಿ ಹೇಳಿರಲಿಲ್ಲ. ನನ್ನ ಕೈ ಏಳು ಇಂಚಿಗೆ ಬಂದಿದೆ, ಅದಕ್ಕೇ ಅವನು ಒಂಬತ್ತು ಗೇಣು ಆದದ್ದು. ನಿನಗೆ ಸುಳ್ಳುಗಾತಿ ಅನ್ನಿಸಿಕೊಂಡರೂ ಪರವಾಗಿಲ್ಲ, ಇವನ ಹತ್ತಿರ ಇರಬಹುದಲ್ಲ ಎಂದು ಒಪ್ಪಿಕೊಂಡೆ. ಅದನ್ನೂ ನೀನು ಉಳಿಸಲಿಲ್ಲ.

ಹತ್ತು ದಿನದಿಂದ ಟಿಕೆಟ್ ಕೌಂಟರಿನಲ್ಲಿದ್ದೇನೆ. ಓಣಿಯ ಬೀಗದ ಕೈ ವಾಪಸು ಪಡೆದರು. ಹೊಸಬಳು ಒಳ್ಳೆಯ ಹುಡುಗಿ, ಅತ್ತುಕೊಂಡೇ ಬಕೆಟ್ಟು ಒಳಗಿಡುತ್ತಾಳೆ. ಅವನು ಮುಟ್ಟುವುದಿಲ್ಲ. ಊಟದ ಹೊತ್ತಿನಲ್ಲಿ ನಾನು ಜನರ ಜೊತೆ ಗಾಜಿನ ಹೊರಗೆ ನಿಂತು ಕೈ ಆಡಿಸುತ್ತೇನೆ. ಆ ಕಡೆಯಿಂದ ಇಪ್ಪತ್ತಾರು ವರ್ಷ ಸಾವಿರಾರು ಜನ ಕೈ ಆಡಿಸಿದ್ದಾರೆ, ಅವನು ಯಾರನ್ನೂ ನೋಡುವುದಿಲ್ಲ. ನನ್ನನ್ನೂ ನೋಡಲಿಲ್ಲ.

ನೀನು ಒಂದೇ ಒಂದು ಮಾತು ಕೇಳಬಹುದಿತ್ತು, "ಅಕ್ಕಾ, ನೀನು ಹುಷಾರಾಗಿದ್ದೀಯಾ?" ಎಂದು. ನಾಲ್ಕು ಕಾಗದದಲ್ಲಿ ಕೇಳಲಿಲ್ಲ. ಇನ್ನು ಬರೆಯಬೇಡ.

ಮೇ 3

ಅಕ್ಕ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ, ಬೈಯುವುದಕ್ಕಾದರೂ ಉತ್ತರ ಹಾಕು. ಡಾಕ್ಟರಿಗೆ, ಸೂಪರಿಂಟೆಂಡೆಂಟರಿಗೆ ಇಬ್ಬರಿಗೂ ಬರೆದು ಬೇಡಿಕೊಂಡೆ. ನಿಯಮ ಎಂದು ಒಂದು ಸಾಲಿನ ಉತ್ತರ ಬಂತು. ನಿಯಮ, ಅಳತೆ, ಫಲಕ ಎಂದು ನಾನೂ ನಿನಗೆ ಹೀಗೇ ಬರೆದೆನಲ್ಲ ಎಂದು ನಾಚಿಕೆಯಾಯಿತು.

ಇನ್ನೊಂದು ಹೇಳಬೇಕು. ಜನವರಿಯಲ್ಲಿ ಇವಳು ನಿನ್ನನ್ನು ಕೇಳಿದ್ದಾಳೆ ಎಂದು ಬರೆದೆ. ಅವಳು ನನ್ನನ್ನು ಬಿಟ್ಟು ಹೋಗಿ ಎರಡು ವರ್ಷವಾಗಿದೆ. ಮನೆಯಲ್ಲಿ ಎಲ್ಲ ಕ್ಷೇಮ ಎಂದೆನಲ್ಲ, ಮನೆಯಲ್ಲಿ ಇರುವುದು ನಾನೊಬ್ಬನೇ. ಭಾನುವಾರವೂ ಕಾರ್ಖಾನೆಗೆ ಬರುತ್ತೇನೆ. ನಿನ್ನನ್ನು ಸುಳ್ಳುಗಾತಿ ಎನ್ನುವಾಗ ನನ್ನ ಈ ಸುಳ್ಳು ನನಗೆ ನೆನಪೂ ಆಗಲಿಲ್ಲ.

ಕೈಗೆ ಏನು ಔಷಧ ಕೊಟ್ಟಿದ್ದಾರೆ? ನೋವು ಕಡಿಮೆಯಾಯಿತೇ? ಹುಷಾರಾಗಿದ್ದೀಯಾ ಅಕ್ಕ?

ತಮ್ಮ

ಜೂನ್ 8

ಅಕ್ಕ,

ಹೋದ ಭಾನುವಾರ ನಾನು ಅಲ್ಲಿಗೆ ಬಂದಿದ್ದೆ.

ನಿನ್ನ ಕೌಂಟರಿನ ಸಾಲಿನಲ್ಲೇ ನಿಂತೆ. ನನ್ನ ಸರದಿ ಬಂತು. "ಒಂದು ಕೊಡಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ನಿನಗೆ ಹೇಗೆ ಸಿಗಬೇಕು. ನೀನು ತಲೆ ಎತ್ತಲಿಲ್ಲ. ಟಿಕೆಟನ್ನು ಅಂಗೈಯ ಅಂಚಿನಿಂದ ನನ್ನ ಕಡೆಗೆ ತಳ್ಳಿದೆ, ಬೆರಳು ಬಳಸಲಿಲ್ಲ. ಕೂದಲೆಲ್ಲ ಬೆಳ್ಳಗಾಗಿದೆ. ಅಕ್ಕ ಎಂದು ಕರೆಯಲು ಬಾಯಿ ತೆರೆದೆ. ಹಿಂದಿನವರು ತಳ್ಳಿದರು, ಮುಂದೆ ಹೋಗಿಬಿಟ್ಟೆ. ತಳ್ಳಿದರು ಎನ್ನುವುದೂ ನೆಪ. ನೀನು ಮುಖ ತಿರುಗಿಸಿದರೆ ಏನು ಮಾಡಲಿ ಎಂದು ಹೆದರಿದೆ.

ಯಜಮಾನನನ್ನು ನೋಡಿದೆ. ಐದು ತಿಂಗಳಿಂದ ಅವನ ಎಲುಬು, ಕೀಲು, ಭುಜ ಎಲ್ಲ ನನ್ನ ಕೈಗೆ ಬಾಯಿಪಾಠ, ಆದರೂ ಎದುರಿಗೆ ನೋಡಿದ್ದು ಮೊದಲ ಸಲ. ಗೋಡೆಗೆ ಮುಖ ಮಾಡಿ ಕುಳಿತಿದ್ದ. ಚರ್ಮ ಜೋತುಬಿದ್ದಿತ್ತು. ಇದು ಯಾವ ಪ್ರಾಣಿ ಎಂದು ಪಕ್ಕದಲ್ಲಿದ್ದ ಒಬ್ಬರು ಕೇಳಿದರು. ಯಜಮಾನ ಎಂದಷ್ಟೇ ಹೇಳಿದೆ. ಮುಚ್ಚುವ ಹೊತ್ತಿನವರೆಗೂ ಅಲ್ಲೇ ನಿಂತಿದ್ದೆ. ಮತ್ತೆ ನಿನ್ನ ಕಿಟಕಿಯ ಮುಂದೆ ಹಾದುಹೋಗುವ ಧೈರ್ಯವಿಲ್ಲದೆ ಹಿಂದಿನ ಗೇಟಿನಿಂದ ಹೊರಟುಬಿಟ್ಟೆ.

ತಮ್ಮ

ಜೂನ್ 21

ತಮ್ಮಾ,

ಯಜಮಾನ ಮಂಗಳವಾರ ಬೆಳಿಗ್ಗೆ ಹೋದ.

ಡಾಕ್ಟರು ಕೌಂಟರಿಗೆ ಬಂದು, "ಕಿಟಕಿ ಮುಚ್ಚಿ ಅಮ್ಮಾ, ಬನ್ನಿ" ಅಂದರು. ಅಷ್ಟರಲ್ಲಿ ಮುಗಿದಿತ್ತು. ಇಪ್ಪತ್ತಾರು ವರ್ಷದಲ್ಲಿ ಜಾಲರಿ ಇಲ್ಲದೆ ಅವನ ಪಕ್ಕದಲ್ಲಿ ಕುಳಿತದ್ದು ಅಂದೇ. ಅವನ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಂಗೈ ಒರಟು ಇರುತ್ತದೆ ಎಂದುಕೊಂಡಿದ್ದೆ, ಮೆತ್ತಗಿತ್ತು. ಯಾರೂ ನನ್ನನ್ನು ಏಳಿಸಲಿಲ್ಲ.

ಆಮೇಲೆ ದಾಖಲೆಗೆ ಅಳೆಯಬೇಕಾಯಿತು. ಟೇಪಿನ ಒಂದು ತುದಿ ಡಾಕ್ಟರು ಹಿಡಿದರು, ಇನ್ನೊಂದನ್ನು ನನಗೆ ಕೊಟ್ಟರು. ಎತ್ತರ ಅರವತ್ನಾಲ್ಕು ಇಂಚು, ತೋಳು ತೊಂಬತ್ತಾರು. ಡಾಕ್ಟರ ಸಹಿ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ, ನಿಮ್ಮ ನಿರ್ದೇಶಕರಿಗೆ ತೋರಿಸು. ತೂಕ ನೂರ ಇಪ್ಪತ್ತೆಂಟು ಕಿಲೋ. ಅದನ್ನು ಮಾತ್ರ ಫಲಕದಲ್ಲಿ ಬರೆಯಬೇಡ. ಮಕ್ಕಳು ನೋಡುವವನು ಜನವರಿಯ ಯಜಮಾನನೇ ಆಗಿರಲಿ.

ಹೃದಯ ಸೋತಿತ್ತು, ವಯಸ್ಸಾಗಿತ್ತು, ಯಾರಿಂದಲೂ ಆದದ್ದಲ್ಲ ಎಂದು ಡಾಕ್ಟರು ಹೇಳಿದರು. ನಿಮ್ಮ ತಮ್ಮನಿಗೂ ತಿಳಿಸಿ ಅಂದರು, ತಿಳಿಸಿದ್ದೇನೆ. ನಾನು ನಂಬಿದೆನಾ ಎಂದು ಕೇಳಬೇಡ.

ಆ ಭಾನುವಾರ ನಾನು ನಿನ್ನನ್ನು ಗುರುತಿಸಲಿಲ್ಲ ಅಂದುಕೊಂಡಿದ್ದೀಯ. ನಿನಗಿಂತ ಮುಂದೆ ಆರು ಜನ ಇದ್ದಾಗಲೇ ನೋಡಿದೆ. ಅಪ್ಪ ನಿಲ್ಲುತ್ತಿದ್ದ ಹಾಗೆಯೇ ನೀನೂ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದೆ. ನಾನು ತಲೆ ಎತ್ತಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ ಕಣೋ, ಅಷ್ಟು ಜನರ ಎದುರಿಗೆ. ಹೊರಗೆ ಬರುವಾಗ ಹಿಡಿದುಕೊಳ್ಳೋಣ, ಮನೆಗೆ ಕರೆದುಕೊಂಡು ಹೋಗೋಣ ಅಂದುಕೊಂಡೆ. ಕೌಂಟರ್ ಮುಚ್ಚಿದವಳೇ ಮುಂದಿನ ಗೇಟಿಗೆ ಹೋಗಿ ನಿಂತೆ. ಹೊರಗೆ ಬರುವ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಕೊನೆಯವರೂ ಹೋದರು.

ಕಾವಲಿನವರು ಬೀಗ ಹಿಡಿದುಕೊಂಡು ಬಂದು, "ಯಾರಿಗಮ್ಮಾ ಕಾಯ್ತಿದ್ದೀರಾ? ಒಳಗೆ ಯಾರೂ ಇಲ್ಲ" ಅಂದರು.

"ಇದಾನೆ, ನನ್ನ ತಮ್ಮ ಬಂದಿದಾನೆ" ಅಂದೆ.

ಪಾಪ, ಅವರು ಬೀಗ ಹಾಕದೆ ಇನ್ನೂ ಅರ್ಧ ಗಂಟೆ ನನ್ನ ಜೊತೆ ನಿಂತಿದ್ದರು.

ಅಕ್ಕ